ರದ್ದಾಯ್ತು ಅಂತ ಹೇಳೋರು ಯಾರು?

ಬೆಳಿಗ್ಗೆ ನಮ್ಮ ಮನೆಮಂದಿ ಗ್ರೂಪಿಗೆ ಅಣ್ಣನ ಮಗ ಒಂದು ಚಿತ್ರ ಹಾಕಿದ. ಮುಂಬೈಯ ಇಂಡಿಯಾ ಟವರ್. ರಾತ್ರಿ ಹೊತ್ತಿನ ಚಿತ್ರ, ಮೈತುಂಬ ದೀಪ, ತುದಿ ಮೋಡದೊಳಗೆ. ಕೆಳಗೆ ದಪ್ಪ ಅಕ್ಷರದಲ್ಲಿ 126 ಮಹಡಿ, ದುಬೈಗೆ ನಮ್ಮ ಉತ್ತರ, ಶೀಘ್ರದಲ್ಲೇ ಅಂತ ಬರಹ. ಚಪ್ಪಾಳೆ ಬಿತ್ತು, ಧ್ವಜ ಬಿತ್ತು, ಬಾಗಲಕೋಟೆಯ ನಮ್ಮ ಮಾವನವರಂತೂ ಕೈ ಮುಗಿದುಬಿಟ್ಟರು.

"ಅದು ರದ್ದಾಗಿ ಹತ್ತು ವರ್ಷದ ಮೇಲಾಯ್ತಲ್ಲೋ ಯಪ್ಪಾ" ಅಂತ ಬರೆದೆ.

"ಹೌದೇನ್ರಿ ಅತ್ತಿ? ಯಾರೂ ಹೇಳೇ ಇಲ್ಲಲ್ರಿ" ಅಂದ.

ಅಲ್ಲಿಗೆ ನನ್ನ ಸಿಟ್ಟು ನೆತ್ತಿಗೇರಿತು. ಹುಡುಗನ ಮೇಲಲ್ಲ. ಅವನು ಅಂದದ್ದು ನಿಜ. ಯಾರೂ ಹೇಳಿಲ್ಲ.

ದಕ್ಷಿಣ ಮುಂಬೈಯಲ್ಲಿ 700 ಮೀಟರಿಗೂ ಜಾಸ್ತಿ ಎತ್ತರಕ್ಕೆ ಏಳಬೇಕಿದ್ದ ಕಟ್ಟಡ ಅದು. ಅಂದ್ರೆ ನಮ್ಮ ಗೋಲಗುಮ್ಮಟವನ್ನು ಒಂದರ ಮೇಲೊಂದು ಹದಿಮೂರು ಇಟ್ಟರೂ ಅದಕ್ಕೆ ಸಾಲೋದಿಲ್ಲ. 2010ರಲ್ಲಿ ಬುರ್ಜ್ ಖಲೀಫಾ ಬಾಗಿಲು ತೆರೆದ ವರ್ಷವೇ ಇಲ್ಲಿ ಕೆಲಸ ಶುರುವಾಯ್ತು. 2011ರಲ್ಲಿ ಪಾಲಿಕೆ ಜೊತೆ ತಕರಾರಾಗಿ ನಿಂತಿತು. 2015ರಲ್ಲಿ ಕೈಬಿಟ್ಟರು. ಮುಗೀತು. ಶುರುವಾದಾಗ ಪೇಪರಿನ ತುಂಬ ಚಿತ್ರ. ಕೈಬಿಟ್ಟಾಗ? ಹುಡುಕಿದರೆ ಎಲ್ಲೋ ನಾಲ್ಕು ಸಾಲು ಸಿಗುತ್ತೆ. ಚಿತ್ರ ಮಾತ್ರ ಇನ್ನೂ ಊರೂರು ತಿರುಗುತ್ತಿದೆ, ನಿನ್ನೆ ತಾನೇ ಹುಟ್ಟಿದ ಹಾಗೆ.

ನಾನು ಇಷ್ಟು ಯಾಕೆ ಉರಿದುಬೀಳ್ತೀನಿ ಅಂತ ಹಳಬರಿಗೆ ಗೊತ್ತು. ನನ್ನ ಅನ್ನವೇ ಕಟ್ಟಡಗಳ ಡ್ರಾಯಿಂಗ್. ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಟ್ರೇಸಿಂಗ್ ಪೇಪರು, ರೋಟ್ರಿಂಗ್ ಪೆನ್ನು, ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯೋದು. ಆಮೇಲೆ ನಕಲು ತೆಗೆಯೋಕೆ ಅಮೋನಿಯಾ ಪ್ರಿಂಟು. ಆ ಘಾಟು ಸೀರೆಗೆ ಹತ್ತಿದರೆ ಮನೆಗೆ ಹೋಗುವವರೆಗೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗೋರು, ನನಗೆ ಆರಾಮಾಗಿ ಸೀಟು.

ಆ ಕೆಲಸದಲ್ಲಿ ಮೊದಲು ಕಲಿಸಿದ್ದು ಗೆರೆ ಎಳೆಯೋದನ್ನಲ್ಲ. ಮೂಲೆಯ ಟೈಟಲ್ ಬ್ಲಾಕ್ ಓದೋದನ್ನ. ಹಾಳೆಯ ನಂಬರು, ತಾರೀಖು, ಎಷ್ಟನೇ ರಿವಿಜನ್, ಏನು ಬದಲಾಯ್ತು, ಯಾರು ಸಹಿ ಮಾಡಿದರು. ಹೊಸ ಹಾಳೆ ಸೈಟಿಗೆ ಹೋಯ್ತು ಅಂದ್ರೆ ಹಳೇ ಹಾಳೆ ವಾಪಸ್ ಬರಬೇಕು. ಇಲ್ಲದಿದ್ದರೆ ಅದರ ಮೇಲೆ ಸೂಪರ್‌ಸೀಡೆಡ್, ಅಂದ್ರೆ ಇದರ ಬದಲು ಹೊಸದು ಬಂದಿದೆ, ಅಂತ ಕೆಂಪು ಸೀಲು ಬೀಳಬೇಕು. ಪೂರ್ತಿ ಕೈಬಿಟ್ಟಿದ್ದರೆ ಕ್ಯಾನ್ಸಲ್ಡ್. ಇದರಲ್ಲಿ ಮಾಫಿ ಇಲ್ಲ. ಒಂದು ಸಲ ಒಂದು ಸೈಟಿನಲ್ಲಿ ಹಳೇ ಹಾಳೆ ಸಿಮೆಂಟ್ ಚೀಲದ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಗೌಂಡಿ ಅದನ್ನೇ ಹಿಡಿದು ಮೆಟ್ಟಿಲು ಎತ್ತಿದ. ಮೇಲೆ ಹೋದರೆ ಬಾಗಿಲು ಬರಬೇಕಾದ ಕಡೆ ಗೋಡೆ. ಒಡೆಯೋದು ಬಿಟ್ಟರೆ ದಾರಿ ಇರಲಿಲ್ಲ. ಗೌಂಡಿಗೆ ಯಾರೂ ಬೈಯಲಿಲ್ಲ, ಬೈಯಿಸಿಕೊಂಡಿದ್ದು ಆಫೀಸು. ಹಾಳೆಗೆ ಸೀಲು ಹಾಕಬೇಕಾದವರು ಆಫೀಸಿನವರು ಅಲ್ವಾ?

ಎರಡು ಮಹಡಿ ಮನೆಯ ಮೆಟ್ಟಿಲಿಗೇ ಇಷ್ಟು ಶಿಸ್ತು. 126 ಮಹಡಿಯ ಗೋಪುರಕ್ಕೆ ಒಂದು ಕೆಂಪು ಸೀಲು ಇಲ್ಲ. ಇದೇ ನನ್ನ ಹೊಟ್ಟೆಉರಿ.

ಎತ್ತರದ ಕಟ್ಟಡ ನಿಂತು ಹೋಗೋದು ದೊಡ್ಡ ವಿಷಯವೇ ಅಲ್ಲ, ತಿಳ್ಕೊಳ್ಳಿ. ಮಹಡಿ ಏರಿದ ಹಾಗೆ ಲಿಫ್ಟುಗಳು ಹೆಚ್ಚಬೇಕು. ಆ ಲಿಫ್ಟುಗಳೇ ಪ್ರತಿ ಮಹಡಿಯಲ್ಲೂ ಜಾಗ ನುಂಗುತ್ತವೆ, ಮಾರೋದಕ್ಕೆ ಉಳಿಯೋದು ಕಡಿಮೆ. ಗಾಳಿಗೆ ಮೇಲಿನ ಮಹಡಿಗಳು ಓಲಾಡುತ್ತವೆ, ಅದನ್ನು ಹಿಡಿದಿಡೋಕೆ ಮತ್ತಷ್ಟು ಕಬ್ಬಿಣ, ಕಾಂಕ್ರೀಟು. ವಿಮಾನದವರ ಒಪ್ಪಿಗೆ ಬೇಕು, ಬೆಂಕಿಯವರದು ಬೇಕು, ಪಾಲಿಕೆಯದು ಬೇಕು. ಕಟ್ಟಿ ಮುಗಿಯೋವರೆಗೆ ಸಾಲದ ಬಡ್ಡಿ ಓಡುತ್ತಲೇ ಇರುತ್ತೆ. ಒಂದು ಕೈಕೊಟ್ಟರೂ ಕಥೆ ಮುಗೀತು. ಅದನ್ನು ಬಾಯಿಬಿಟ್ಟು ಹೇಳೋದಕ್ಕೆ ಏನು ಧಾಡಿ ಅಂತ ನನ್ನ ಪ್ರಶ್ನೆ.

ಮುಂಬೈ ಒಂದೇ ಅಲ್ಲ. ಅಮೆರಿಕದ ಶಿಕಾಗೋದಲ್ಲಿ 2005ರಲ್ಲಿ ಒಂದು ಗೋಪುರ ಘೋಷಣೆ ಆಯ್ತು. ಹೆಸರು ಶಿಕಾಗೋ ಸ್ಪೈರ್. 610 ಮೀಟರ್, 150 ಮಹಡಿ, ಮೈ ತಿರುಚಿಕೊಂಡು ಮೇಲೇಳುವ ವಿನ್ಯಾಸ. ಮಾಡಿದ್ದು ಸ್ಪೇನಿನ ಸಾಂಟಿಯಾಗೊ ಕಲಾಟ್ರಾವಾ. 2007ರಲ್ಲಿ ಪಾಯ ತೋಡಿದರು. 2008ರಲ್ಲಿ ದುಡ್ಡಿನ ಮಾರುಕಟ್ಟೆ ಕುಸಿಯಿತು, ಕೆಲಸ ನಿಂತಿತು. ಉಳಿದದ್ದು ಸುಮಾರು 33 ಮೀಟರ್ ಅಗಲ, 23 ಮೀಟರ್ ಆಳದ ದುಂಡನೆ ಹೊಂಡ. ಊರ ನಡುವೆ, ವರ್ಷಗಟ್ಟಲೆ. ಒಂದು ಲೆಕ್ಕದಲ್ಲಿ ಆಗ ಆ ಊರಿನವರೇ ಪುಣ್ಯವಂತರು. ಹೊಂಡ ಸುಳ್ಳು ಹೇಳೋದಿಲ್ಲ. ಬಗ್ಗಿ ನೋಡಿದರೆ ಗೋಪುರ ಇಲ್ಲ ಅಂತ ಗೊತ್ತಾಗುತ್ತಿತ್ತು.

ಅದೇ ಶಿಕಾಗೋಗೆ ಅಂತ ಒಬ್ಬ ಅಜ್ಜನೂ ಗೋಪುರ ಯೋಚಿಸಿದ್ದ, ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. 1956ರಲ್ಲಿ, 89ನೇ ವಯಸ್ಸಿನಲ್ಲಿ, ಒಂದು ಮೈಲಿ ಎತ್ತರದ, 528 ಮಹಡಿಯ ಕಟ್ಟಡದ ಚಿತ್ರ ಬರೆದು ಎಲ್ಲರೆದುರು ನಿಲ್ಲಿಸಿದ. ಲಿಫ್ಟುಗಳು ಅಣುಶಕ್ತಿಯಿಂದ ಓಡ್ತಾವಂತೆ! ಅವನ ಮೇಲೆ ನನಗೆ ಸಿಟ್ಟಿಲ್ಲ. ಬದಲಿಗೆ ಪ್ರೀತಿ ಜಾಸ್ತಿ. ಅವನು ಯಾರಿಂದಲೂ ಬುಕಿಂಗ್ ದುಡ್ಡು ಇಸ್ಕೊಳ್ಳಲಿಲ್ಲ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ಇದನ್ನ ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ಮಗಳು ಪುಣೆಗೆ ಕೆಲಸಕ್ಕೆ ಹೋದಾಗ ನಮ್ಮ ಮನೆಯವರು ಅಲ್ಲೊಂದು ಕಡೆ ಫ್ಲ್ಯಾಟಿಗೆ ಮುಂಗಡ ಕೊಟ್ಟರು. 22 ಮಹಡಿಯ ಚಿತ್ರ. ಚಿತ್ರದಲ್ಲಿ ಈಜುಕೊಳ, ಅದರ ಪಕ್ಕ ಬಿಳಿ ಬಟ್ಟೆ ಹಾಕಿಕೊಂಡು ನಗುವ ಮುದುಕ ಮುದುಕಿ. ಅದು ನಾವೇ ಅಂತ ಇವರು ಅನ್ನೋರು. ಕಟ್ಟಡ ಬರಲಿಲ್ಲ. ಬರೋದಿಲ್ಲ ಅಂತಲೂ ಯಾರೂ ಹೇಳಲಿಲ್ಲ. ಮೊದಲು ಮಳೆಗಾಲ ಮುಗೀಲಿ ಅಂದರು, ಆಮೇಲೆ ಪರ್ಮಿಷನ್ ಅಂದರು, ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟರು. ದುಡ್ಡು ಚೂರುಚೂರಾಗಿ ಅರ್ಧ ವಾಪಸ್ ಬಂತು. ಅರ್ಧ ದುಡ್ಡು ಹೋದದ್ದಕ್ಕಿಂತ ನನಗೆ ಉರಿಯೋದು ಆ "ನೋಡೋಣ ಮೇಡಂ". ಒಂದು ಸಲ "ಆಗೋದಿಲ್ಲ" ಅಂದಿದ್ದರೆ ಅವತ್ತು ಅತ್ತು, ಮರುದಿನ ಬೇರೆ ದಾರಿ ನೋಡ್ಕೋತಿದ್ವಿ.

ಈಗ ಬರ್ತಾರೆ, ಕಾಮೆಂಟಿನಲ್ಲಿ ಕಾದಿದ್ದಾರೆ, ನನಗೆ ಗೊತ್ತು. "ಮೇಡಂ, ಕನಸು ಕಾಣೋದೂ ಬೇಡವಾ? ಗೋಲಗುಮ್ಮಟವೂ ಒಂದು ಕಾಲಕ್ಕೆ ಕನಸೇ ಆಗಿತ್ತಲ್ವಾ?"

ಆಗಿತ್ತು. ಮಹಮ್ಮದ್ ಆದಿಲ್‌ಶಾಹ ಕನಸು ಕಂಡ, ಕಟ್ಟಿಸಿದ, 1656ರಲ್ಲಿ ತೀರಿಕೊಂಡು ಅದರೊಳಗೇ ಮಲಗಿದ. ಅವನ ಮಗ ಎರಡನೇ ಅಲಿ ಅದಕ್ಕಿಂತ ದೊಡ್ಡದು ಬೇಕು ಅಂತ ಬಾರಾ ಕಮಾನಿಗೆ ಕೈ ಹಾಕಿದ. 1672ರಲ್ಲಿ ಅವನೂ ಹೋದ, ಕೆಲಸ ನಿಂತಿತು. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತೆ ಅಂತ ನಿಲ್ಲಿಸಿದರು ಅಂತ ಒಂದು ಕಥೆ ಇದೆ, ಗೈಡುಗಳು ಭಾಳ ಚೆಂದ ಹೇಳ್ತಾರೆ. ಅದು ಇರಲಿ. ನಾನು ಹೇಳೋದು, ನಮ್ಮೂರಿನಲ್ಲಿ ನಿಂತುಹೋದ ಕಟ್ಟಡ ನಿಂತುಹೋದ ಹಾಗೇ ಕಾಣುತ್ತೆ. ಕರಿಕಲ್ಲಿನ ಕಮಾನುಗಳು, ಮೇಲೆ ಬರೀ ಆಕಾಶ. ಟಾಂಗಾದಿಂದ ಇಳಿದ ಪರವೂರಿನ ಮಗುವೂ "ಇದು ಯಾಕೆ ಮುಗಿದಿಲ್ಲ?" ಅಂತ ಕೇಳುತ್ತೆ. ಅದು ಶೀಘ್ರದಲ್ಲೇ ಮುಗಿಯುತ್ತೆ ಅಂತ ಯಾವ ಫಾರ್ವರ್ಡೂ ಬಂದಿಲ್ಲ. (ಇನ್ನು ಬರಬಹುದು. ನಮ್ಮ ಗ್ರೂಪನ್ನ ನಂಬೋಕಾಗಲ್ಲ.)

ಅದಕ್ಕೇ ಕನಸಿನ ವಾದ ನನ್ನ ಹತ್ತಿರ ನಡೆಯೋದಿಲ್ಲ. ಕನಸು ಕಾಣಬೇಡಿ ಅಂತ ಯಾರಂದರು? ನಾನೇ ದಿನಾ ಅದನ್ನೇ ಮಾರ್ತೀನಿ. ತ್ರೀಡಿ ಚಿತ್ರದಲ್ಲಿ ಇಲ್ಲದ ಮರ ನೆಡ್ತೀನಿ, ಬಾರದ ಕಾರು ನಿಲ್ಲಿಸ್ತೀನಿ, ನಮ್ಮ ಏಪ್ರಿಲ್ ಬಿಸಿಲನ್ನ ಊಟಿ ಸಂಜೆ ಮಾಡಿಬಿಡ್ತೀನಿ. ಗಿರಾಕಿಗಳು ಖುಷಿಯಾಗ್ತಾರೆ. ಆದರೆ ಕಟ್ಟೋದನ್ನ ಕೈಬಿಟ್ಟರೆ ಅದೇ ಕಡತದ ಮೇಲೆ ಸೀಲು ಒತ್ತಿ ಬೀರುವಿನಲ್ಲಿ ಇಡ್ತೀನಿ.

ಬೆಂಗಳೂರಿನ ಸ್ಕೈ ಡೆಕ್ ಬಗ್ಗೆ ಏನಂತೀರಿ ಅಂತ ಗೆಳತಿಯೊಬ್ಬಳು ಕೇಳಿದಳು. ಮೇಲೆ ನಿಂತು ಊರು ನೋಡೋ ಗೋಪುರ, 250 ಮೀಟರಿನದು, 2024ರಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿದ್ದು. ಕಟ್ಟಿದರೆ ಹೋಗಿ ಹತ್ತಿ ನೋಡ್ತೀನಿ, ಮಂಡಿ ಬಿಟ್ಟರೆ. ಅಲ್ಲಿಯವರೆಗೆ ನಮಗೆ ವಿಜಯಪುರದ ಉಪ್ಪಲಿ ಬುರುಜು ಇದೆ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ್ದು, 80 ಅಡಿ, ಹೊರಗಿನಿಂದಲೇ ಸುತ್ತು ಮೆಟ್ಟಿಲು, ಮೇಲೆ ಎರಡು ಉದ್ದನೆ ತೋಪು. ಮೇಲೆ ನಿಂತರೆ ಇಡೀ ಊರು ಕಾಣುತ್ತೆ, ಮನಸ್ಸಿಗೆ ಬಂದಷ್ಟು ಗಾಳಿ. ಇದಕ್ಕೆ ಯಾಕೆ ಯಾರೂ ಚಪ್ಪಾಳೆ ಹೊಡೆಯೋದಿಲ್ಲವೋ!

ಒಂದು ಕೆಲಸ ಮಾಡಿ. ನಿಮ್ಮೂರಿನಲ್ಲೂ ಇಂಥ ಒಂದು ಚಿತ್ರ ಇದ್ದೇ ಇರುತ್ತೆ. ಬಸ್ ಸ್ಟ್ಯಾಂಡಿನದೋ, ಮಾಲಿನದೋ, ಕ್ರೀಡಾಂಗಣದ್ದೋ. ಪೇಪರಿನಲ್ಲಿ ಬಂದದ್ದು, ಬ್ಯಾನರಿನಲ್ಲಿ ಬಂದದ್ದು, ಆಮೇಲೆ ಸದ್ದೇ ಇಲ್ಲದೆ ಮಾಯವಾದದ್ದು. ಊರಿನ ಹೆಸರು, ಚಿತ್ರ ಬಂದ ವರ್ಷ ಎರಡನ್ನು ಕೆಳಗೆ ಬರೀರಿ. ಚಿತ್ರ ಇದ್ದರೆ ಅದನ್ನೂ ಹಾಕಿ. ಸೀಲು ನಾನು ಒತ್ತಿ ಕೊಡ್ತೀನಿ, ಕೆಂಪು ಶಾಯಿ ಇನ್ನೂ ಅರ್ಧ ಬಾಟಲಿ ಇದೆ.