ಹಳೇ ಸೇತುವೆಯೂ 205.33 ಮೀಟರ್ ಯಮುನೆಯೂ

ದೆಹಲಿಯಲ್ಲಿ ಯಮುನೆ ಅಂತ ಒಂದು ನದಿ ಇದೆ ಅನ್ನುವುದು ದೆಹಲಿಯವರಿಗೆ ನೆನಪಾಗುವುದು ಮಳೆಗಾಲದಲ್ಲಿ, ಅದೂ ಟಿವಿ ನೋಡಿ. ಹಳೇ ರೈಲ್ವೆ ಸೇತುವೆ ಹತ್ತಿರ ನೀರು (ಆಳವಲ್ಲ, ಸಮುದ್ರಮಟ್ಟದಿಂದ ಲೆಕ್ಕ) 204.50 ಮೀಟರ್ ಮುಟ್ಟಿದರೆ ಎಚ್ಚರಿಕೆ. 205.33 ದಾಟಿದರೆ ಅಪಾಯ. ವರದಿಗಾರ ಪ್ಯಾಂಟ್ ಮಡಚಿಕೊಂಡು, ಮೊಣಕಾಲಿನಷ್ಟು ನೀರಿರುವ ಜಾಗವನ್ನೇ ಹುಡುಕಿ ನಿಲ್ಲುತ್ತಾನೆ. ಹಿಂದೆ ಸೇತುವೆ ಕಾಣಲೇಬೇಕು. ಪಕ್ಕದಲ್ಲಿ ಮಂಚ, ಪಾತ್ರೆ ಹೊತ್ತು ದಡ ಹತ್ತುವವರು ಕ್ಯಾಮೆರಾಗೆ ಅಡ್ಡ ಬಂದರೆ, ಸ್ವಲ್ಪ ಸರಿಯಿರಿ ಅನ್ನುತ್ತಾನೆ.

ಸೇತುವೆಗೆ ಇದೆಲ್ಲ ಮಾಮೂಲು. ಜನ ಕರೆಯುವುದು ಲೋಹೇ ಕಾ ಪುಲ್, ಅಂದರೆ ಕಬ್ಬಿಣದ ಸೇತುವೆ ಅಂತ. ಮೇಲೆ ರೈಲು, ಕೆಳಗೆ ರಿಕ್ಷಾ, ಸ್ಕೂಟರು. 1863ರಲ್ಲಿ ಕೆಲಸ ಶುರು, 1866ರಲ್ಲಿ ರೈಲು ಓಡಿತು. ದಾರಿಯಲ್ಲಿ ಸಲೀಂಗಢ ಕೋಟೆ ಸಿಕ್ಕಿತು. ಬ್ರಿಟಿಷರು ಅದನ್ನೇ ಸೀಳಿಕೊಂಡು ಹಳಿ ಹಾಕಿದರು. 1857 ಆಗಷ್ಟೇ ಮುಗಿದಿತ್ತು, ಯಾರನ್ನು ಕೇಳಬೇಕಿತ್ತು? ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟೋಣ ಅಂತ ನಾವು ಹೊರಟಾಗ ಮಾತ್ರ ಅದೇ ಕೋಟೆ ಪರಂಪರೆಯಾಯಿತು. ಪುರಾತತ್ವ ಇಲಾಖೆ ಆಕ್ಷೇಪ ಎತ್ತಿತು, ನಕ್ಷೆ ಬದಲಾಯಿತು, ಕೆಲಸ ಎರಡು ದಶಕಕ್ಕೂ ಜಾಸ್ತಿ ಎಳೆಯಿತು. ಅಷ್ಟೂ ಕಾಲ ಮುದುಕನಿಗೆ ನಿವೃತ್ತಿ ಇಲ್ಲ.

2023ರ ಜುಲೈನಲ್ಲಿ ನೀರು 208.66 ಮೀಟರ್‌ಗೆ ಏರಿತು. 1978ರ 207.49ರ ದಾಖಲೆ ಮುರಿಯಿತು. ಕೆಂಪುಕೋಟೆಯ ಗೋಡೆವರೆಗೂ ನೀರು. ಹರಿಯಾಣದವರು ನದಿಯ ಮೇಲ್ಭಾಗದ ಹತ್ನಿಕುಂಡ್ ಬ್ಯಾರೇಜಿನಿಂದ ಬೇಕೆಂದೇ ನೀರು ಬಿಟ್ಟರು ಅಂತ ದೆಹಲಿ. ಅದು ಬ್ಯಾರೇಜು ಸ್ವಾಮಿ, ಅಣೆಕಟ್ಟಲ್ಲ, ಹಿಡಿದಿಟ್ಟುಕೊಳ್ಳೋಕೆ ಆಗಲ್ಲ ಅಂತ ಹರಿಯಾಣ. ಇತ್ತ ಐಟಿಒ ಬ್ಯಾರೇಜಿನ 32 ಗೇಟುಗಳಲ್ಲಿ ಐದು ಹೂಳು ತುಂಬಿ ಬಿಗಿದುಕೊಂಡಿದ್ದವು. ಗೇಟು ಇರುವುದು ದೆಹಲಿಯಲ್ಲಿ, ನೋಡಿಕೊಳ್ಳಬೇಕಾದವರು ಹರಿಯಾಣದವರು. ಕೊನೆಗೆ ತೆಗೆಯೋಕೆ ಸೇನೆಯೇ ಬರಬೇಕಾಯಿತು. ಪ್ರವಾಹ ಯಾರದ್ದು ಅಂತ ತೀರ್ಮಾನ ಆಗುವಷ್ಟರಲ್ಲಿ ನೀರೇ ಬೇಸತ್ತು ಇಳಿಯಿತು.

ಸೇತುವೆ ಮೇಲೆ ಮತ್ತೆ ರೈಲು ಓಡಿತು. ವರದಿಗಾರರು ಜಾಗ ಖಾಲಿ ಮಾಡಿದರು. ಛಠ್ ಹಬ್ಬದ ಹೊತ್ತಿಗೆ ದೆಹಲಿಯ ಕಾಲಿಂದಿ ಕುಂಜ್‌ನಲ್ಲಿ ನದಿ ತುಂಬ ಕೊಳಚೆಯ ಬಿಳೀ ನೊರೆ, ಅದರಲ್ಲೇ ನಿಂತು ಹೆಂಗಸರು ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ನೊರೆ ಎಷ್ಟು ಮೀಟರ್ ಏರಿದರೆ ಅಪಾಯ ಅಂತ ಯಾವ ಕಂಬದ ಮೇಲೂ ಗೆರೆ ಎಳೆದಿಲ್ಲ, ಹಾಗಾಗಿ ಅಪಾಯವೂ ಇಲ್ಲ ಅಲ್ವಾ?