ಪಿನ್ ಲೆಕ್ಕ ಒಂದೇ ಇದ್ದರೆ ಸಾಲದು: ರ್‍ಯಾಮ್ ಬಗ್ಗೆ ಸ್ಪಷ್ಟನೆ

"ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಯಾವುದು ಹಾಕಿದರೂ ನಡೆಯುತ್ತೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ಇವು ಕಂಪ್ಯೂಟರಿನ ಮೆಮೊರಿ ಕಡ್ಡಿಯ ಎರಡು ತಲೆಮಾರು, ಪಿನ್ ಅಂದರೆ ಕಡ್ಡಿಯ ಅಂಚಿನ ಲೋಹದ ಪಟ್ಟಿಗಳು. ಪಿನ್ ಲೆಕ್ಕ ಸರಿ, ಉಳಿದದ್ದು ತಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಸ್ಲಾಟಿಗೆ ಕೂರೋದೇ ಇಲ್ಲ. ಒತ್ತಿ ತುರುಕಿದರೆ ಸ್ಲಾಟ್ ಹೋಗುತ್ತೆ ಅಷ್ಟೇ. ವೋಲ್ಟೇಜ್ ಕೂಡ ಬೇರೆ: ಡಿಡಿಆರ್4ಗೆ 1.2, ಡಿಡಿಆರ್5ಗೆ 1.1.

ಇನ್ನೊಂದು, ಬೇರೆ ಸ್ಪೀಡಿನದು ಹಾಕಿದರೆ ಮದರ್‌ಬೋರ್ಡ್ ಸುಟ್ಟುಹೋಗುತ್ತೆ ಅನ್ನೋದು ಸುಮ್ನೆ ಹೆದರಿಸೋ ಮಾತು. 2666 ಜೊತೆ 3200 ಹಾಕಿದರೆ ಸಾಮಾನ್ಯವಾಗಿ ಎರಡೂ 2666ರಲ್ಲಿ ಓಡುತ್ತವೆ.

ನಿಜವಾಗಿ ಮೋಸ ಹೋಗೋದು ಅಗ್ಗದ ಹಳೇ ಸರ್ವರ್ ರ್‍ಯಾಮ್‌ನಲ್ಲಿ. ಡಿಡಿಆರ್4 ಸರ್ವರ್ ರ್‍ಯಾಮ್ ನಮ್ಮ ಡಿಡಿಆರ್4 ಸ್ಲಾಟಿಗೆ ಚೆನ್ನಾಗೇ ಕೂರುತ್ತೆ, ಆದರೆ ಮನೆಯ ಮಾಮೂಲಿ ಬೋರ್ಡ್ ಆನ್ ಆಗಲ್ಲ (ನಾನೂ ಒಮ್ಮೆ ಬಿದ್ದಿದ್ದೇನೆ). ಕೊಳ್ಳೋ ಮುಂಚೆ ಸ್ಟಿಕ್ಕರ್ ಓದಿ. "ಪಿಸಿ4-3200ಎಎ-ಯುಎ2" ಅಂತಿದ್ದರೆ ಪಿಸಿ4 ಅಂದರೆ ಡಿಡಿಆರ್4, 3200 ಸ್ಪೀಡು, 'ಯು' ಅಂದರೆ ಡೆಸ್ಕ್‌ಟಾಪಿನದು. ಅಲ್ಲಿ 'ಆರ್' ಇದ್ದರೆ ಸರ್ವರ್‌ದು, 'ಎಸ್' ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ. ಹಳೇ ಕಡ್ಡಿ ಬಿಚ್ಚಿ ಅಂಗಡಿಗೇ ಒಯ್ದರೆ ಇನ್ನೂ ಸುಲಭ.