ಯಾವ ಇಲಿಯಮ್? ಬೆರಳಿಟ್ಟು ತೋರಿಸಿ

ಕರ್ನಾಟಕದ ಹೊರಗೆ ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ನನ್ನ ತರಗತಿಯಲ್ಲಿ ಒಬ್ಬೊಬ್ಬರ ಮನೆಮಾತು ಒಂದೊಂದು. ಎಲ್ಲರಿಗೂ ಸಲೀಸಾಗಿ ಬರುವ ಭಾಷೆ ಅಂತ ಒಂದಿಲ್ಲ. ಹಾಗಾಗಿ ಇಲ್ಲಿ ವೈದ್ಯಕೀಯ ಪದಗಳನ್ನು ಹೇಳಿಕೊಡಲು ಚಿತ್ರ, ಕಾರ್ಡು, ಅಭಿನಯ, ಆಟ ಇವನ್ನೇ ನಂಬಿಕೊಂಡಿದ್ದೇವೆ. ಕರ್ನಾಟಕದಲ್ಲಿ ನಾನು ಕಲಿತ ರೀತಿ ಬೇರೆ. ಎಡಗಡೆ ಪದ, ಬಲಗಡೆ ಇಂಗ್ಲಿಷಿನಲ್ಲಿ ಅರ್ಥ. ಬರೆದುಕೊಳ್ಳಿ, ಬಾಯಿಪಾಠ ಮಾಡಿ. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಈ ಪದಗಳ ಪಾಠ ಚಿತ್ರ ಮತ್ತು ಆಟದಿಂದಲೇ ಶುರುವಾಗಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಇನ್ನೂ ಜಾಸ್ತಿ ಬೇಕು.

ಯಾಕೆ ಅಂದರೆ, ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಪದದ ಎದುರು ಗೊತ್ತಿಲ್ಲದ ಇನ್ನೊಂದು ಪದ ಇರುತ್ತದೆ. ಹೆಪಟೈಟಿಸ್ ಅಂದರೆ ಲಿವರಿನ ಇನ್‌ಫ್ಲಮೇಶನ್ ಅಂತ ಬರೆದುಕೊಂಡಾಯಿತು. ಇನ್‌ಫ್ಲಮೇಶನ್ ಅಂದರೇನು ಅಂತ ತಿಳಿಯದ ಹುಡುಗಿ ಏನು ಮಾಡಬೇಕು? ಅವಳು ಅದನ್ನೂ ಬಾಯಿಪಾಠ ಮಾಡುತ್ತಾಳೆ. ಅದೇ ಕೆಂಪಗೆ ಊದಿಕೊಂಡ ಲಿವರಿನ ಚಿತ್ರ ತೋರಿಸಿ. ಅರ್ಥ ಆಗುವುದಕ್ಕೆ ಇಂಗ್ಲಿಷ್ ಬೇಕಾಗುವುದೇ ಇಲ್ಲ.

ಅಷ್ಟಕ್ಕೂ ಇಂಥ ಎಷ್ಟೋ ಹೆಸರುಗಳನ್ನು ಇಟ್ಟವರು ಕಣ್ಣಿಗೆ ಕಂಡದ್ದನ್ನು ನೋಡಿಯೇ ಇಟ್ಟಿದ್ದಾರೆ. ಒಳಕಿವಿಯ ಕಾಕ್ಲಿಯ ಅಂದರೆ ಬಸವನಹುಳು. ಥೈರಾಯ್ಡ್ ಅಂದರೆ ಗುರಾಣಿಯಂಥದ್ದು. ಮೊಣಕಾಲ ಕೆಳಗಿನ ದೊಡ್ಡ ಮೂಳೆ ಟಿಬಿಯಾ, ಅಂದರೆ ಕೊಳಲು. ಮೆದುಳಿನ ಹಿಪ್ಪೋಕ್ಯಾಂಪಸ್‌ಗೆ ಹೆಸರು ಬಂದದ್ದು ಕಡಲಕುದುರೆಯಿಂದ. ಈ ಗ್ರೀಕ್, ಲ್ಯಾಟಿನ್ ಮಾತುಗಳು ನಮಗೆ ದೂರದವು, ನಿಜ. ಆದರೆ ಬಸವನಹುಳು ದೂರದ್ದಲ್ಲ. ಕಾಕ್ಲಿಯದ ಚಿತ್ರದ ಪಕ್ಕ ಬಸವನಹುಳುವಿನ ಚಿತ್ರ ಇಟ್ಟರೆ ಸಾಕು, ಹೆಸರು ಯಾಕೆ ಬಂತು ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೆಸರಿನ ಕಾರಣ ಗೊತ್ತಾದವರು ಹೆಸರನ್ನು ಸುಲಭಕ್ಕೆ ಮರೆಯುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಕಾರ್ಡು ಜೋಡಿಸುವ ಆಟ. ಒಂದು ಕಟ್ಟಿನಲ್ಲಿ ಅಂಗಗಳ ಚಿತ್ರ. ಹೊಟ್ಟೆಗೆ ಗ್ಯಾಸ್ಟ್ರ್, ಲಿವರಿಗೆ ಹೆಪಾಟ್, ಕಿಡ್ನಿಗೆ ನೆಫ್ರ್, ಕೀಲಿಗೆ ಆರ್ತ್ರ್, ದೊಡ್ಡ ಕರುಳಿಗೆ ಕೋಲ್. ಇನ್ನೊಂದು ಕಟ್ಟಿನಲ್ಲಿ ಪದದ ಬಾಲಗಳು. ಐಟಿಸ್‌ಗೆ ಕೆಂಪು ಬಣ್ಣ. ಆಟಮಿಗೆ ಕತ್ತರಿಸಿದ ಒಂದು ಗೆರೆ. ಆಸ್ಟಮಿಗೆ ತೆರೆದೇ ಇರುವ ಒಂದು ದುಂಡು ಬಾಯಿ. ಎಕ್ಟಮಿಗೆ ಅಂಗ ಇದ್ದ ಜಾಗದಲ್ಲಿ ಬರೀ ಚುಕ್ಕಿ ಗೆರೆ. ಈಗ ಕೋಲ್ ಕಾರ್ಡನ್ನು ಹಾಗೇ ಇಟ್ಟು ಬಾಲವನ್ನು ಮಾತ್ರ ಬದಲಾಯಿಸುತ್ತಾ ಹೋಗಿ. ಕೊಲಾಟಮಿ, ಕೊಲಾಸ್ಟಮಿ, ಕೊಲೆಕ್ಟಮಿ. ಬಾಯಲ್ಲಿ ಹೇಳುವಾಗ ಮೂರೂ ಒಂದೇ ಥರ ಕೇಳಿಸುತ್ತವೆ. ಆದರೆ ಒಂದರಲ್ಲಿ ಕರುಳನ್ನು ಕೊಯ್ದಿದ್ದಾರೆ, ಇನ್ನೊಂದರಲ್ಲಿ ಹೊಟ್ಟೆಯ ಮೇಲೆ ಅದಕ್ಕೊಂದು ಬಾಯಿ ಮಾಡಿದ್ದಾರೆ, ಮೂರನೆಯದರಲ್ಲಿ ಕರುಳನ್ನೇ ತೆಗೆದುಬಿಟ್ಟಿದ್ದಾರೆ. ರೋಗಿಯ ಪಾಲಿಗೆ ಇವು ಮೂರು ಬೇರೆ ಬೇರೆ ಬದುಕು. ನರ್ಸ್ ಮಾಡಬೇಕಾದ ಆರೈಕೆಯೂ ಬೇರೆ. ಪಟ್ಟಿಯಲ್ಲಿ ಈ ಮೂರು ಪದ ಮೂರು ಸಾಲು, ಅಷ್ಟೇ. ಕಾರ್ಡಿನಲ್ಲಿ ವ್ಯತ್ಯಾಸ ಕೈಗೆ ಸಿಗುತ್ತದೆ.

ಪದದ ಸದ್ದಿಗೆ ಹೊಂದುವ ಯಾವುದೋ ತಮಾಷೆಯ ಚಿತ್ರ ಬರೆದು ನೆನಪಿಡಿಸುವ ರೂಢಿಯೂ ಇದೆ. ಅದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಅಂಥ ಚಿತ್ರ ಒಂದೇ ಪದಕ್ಕೆ ಮುಗಿಯಿತು. ಎಕ್ಟಮಿಯ ಚುಕ್ಕಿ ಗೆರೆ ಕಲಿತವರು ಮುಂದೆ ನೋಡೇ ಇರದ ಪದ ಬಂದರೂ ಏನೋ ತೆಗೆದಿದ್ದಾರೆ ಅಂತ ಊಹಿಸುತ್ತಾರೆ.

ಕನ್ನಡದ ಕಿವಿಗೆ ಮತ್ತು ಲಿಪಿಗೆ ಸಂಬಂಧಪಟ್ಟ ಒಂದು ತೊಡಕಿದೆ. ಸಣ್ಣ ಕರುಳಿನ ಕೊನೆಯ ಭಾಗ ಇಲಿಯಮ್. ಸೊಂಟದ ಮೂಳೆಯ ಮೇಲಿನ ಭಾಗವೂ ಇಲಿಯಮ್. ಇಂಗ್ಲಿಷಿನಲ್ಲಿ ಒಂದಕ್ಷರ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಲ್ಲಿ ಚಿತ್ರದ ಮೇಲೆ ಬೆರಳಿಡದೆ ಬೇರೆ ದಾರಿಯೇ ಇಲ್ಲ, ಅಲ್ವಾ? ಹೈಪರ್, ಹೈಪೋ ವಿಷಯ ಇನ್ನೂ ಸೂಕ್ಷ್ಮ. ಹೈಪೋಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ, ಸಕ್ಕರೆ ಕೊಡಬೇಕು. ಹೈಪರ್ ಆದರೆ ಏರಿದೆ, ಇನ್ಸುಲಿನ್ ಬೇಕಾಗಬಹುದು. ನಮ್ಮ ತರಗತಿಯಲ್ಲಿ ಹೈಪರ್ ಅಂದಾಗ ಕೈ ಮೇಲೆತ್ತಬೇಕು, ಹೈಪೋ ಅಂದಾಗ ಕೆಳಗಿಳಿಸಬೇಕು. ಬ್ರಾಡಿಕಾರ್ಡಿಯಾ, ಟ್ಯಾಕಿಕಾರ್ಡಿಯಾಗೆ ಮೇಜು ತಟ್ಟುತ್ತೇವೆ. ವಯಸ್ಕರಲ್ಲಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಡಿತ ಮೊದಲನೆಯದು, 100ಕ್ಕಿಂತ ಜಾಸ್ತಿ ಎರಡನೆಯದು. ಒಬ್ಬರು ತಟ್ಟುತ್ತಾರೆ, ಉಳಿದವರು ಗಡಿಯಾರ ನೋಡಿ ಎಣಿಸಿ ಹೆಸರು ಹೇಳುತ್ತಾರೆ. ಪದದ ಜೊತೆಗೆ ನಾಡಿ ಎಣಿಸುವ ಅಭ್ಯಾಸವೂ ಆಗುತ್ತದೆ.

ಇದೆಲ್ಲ ಮಕ್ಕಳಾಟ ಅನ್ನುವವರಿದ್ದಾರೆ. ಅವರಿಗೆ ನಾನು ಔಷಧದ ಲೇಬಲ್ ತೋರಿಸುತ್ತೇನೆ. ಹೈಡ್ರಾಕ್ಸಿಜಿನ್ ಅಲರ್ಜಿಯ ತುರಿಕೆಗೆ, ಹೈಡ್ರಾಲಜಿನ್ ಬಿಪಿಗೆ. ಇಂಥ ಒಂದೇ ಥರದ ಹೆಸರುಗಳಲ್ಲಿ ಬೇರೆಯಾಗಿರುವ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ಅಚ್ಚು ಮಾಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಕಂಪನಿಗಳನ್ನು ಕೇಳಿಕೊಂಡಿತು. ಅನುಭವ ಇರುವವರಿಗೂ ಕಣ್ಣಿನ ಸಹಾಯ ಬೇಕು ಅಂತಲೇ ತಾನೇ? ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವುದು ಇಲ್ಲ. ನಾವು ಬಣ್ಣದಲ್ಲೋ ದಪ್ಪ ಅಕ್ಷರದಲ್ಲೋ ಅದನ್ನು ಮಾಡಬೇಕು.

ಆದರೆ ಎಲ್ಲ ಆಟವೂ ಪಾಠ ಕಲಿಸುತ್ತದೆ ಅಂತ ನಾನು ಹೇಳಲಾರೆ. ಫೋನಿನಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿ ಅನ್ನುವ ಆಟದಲ್ಲಿ ಅಂಕ ಬೇಗ ಏರುತ್ತದೆ. ರೋಗಿಯ ಮುಂದೆ ಆ ನಾಲ್ಕು ಉತ್ತರ ಇರುವುದಿಲ್ಲ. ತಲೆಯೊಳಗಿಂದ ತಾನೇ ತೆಗೆದು ಹೇಳುವ ಹಾಗೆ ಆಟ ಇರಬೇಕು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಬಂದರು. ಯಾರು ಬೇಗ ಹೇಳುತ್ತಾರೆ ಅನ್ನುವ ಪೈಪೋಟಿಯೂ ನನಗೆ ಬೇಡ. ಹಿಂಜರಿಯುವ ವಿದ್ಯಾರ್ಥಿ ಅದರಲ್ಲಿ ಸುಮ್ನೆ ಕೂತುಬಿಡುತ್ತಾನೆ. ಇಬ್ಬಿಬ್ಬರು ಸೇರಿ ಆಡುವುದೇ ಒಳ್ಳೆಯದು.

ಕಾರ್ಡಿನಿಂದ ಕಲಿಯಲಾಗದ್ದೂ ಇದೆ. ಕಿಡ್ನಿಗೆ ನೆಫ್ರ್ ಅಂತ ಕಲಿತವರಿಗೆ ವಾರ್ಡಿನಲ್ಲಿ ಕಿಡ್ನಿ ವೈಫಲ್ಯಕ್ಕೆ ರೀನಲ್ ಫೇಲ್ಯೂರ್ ಅಂತ ಕೇಳಿಸುತ್ತದೆ. ಒಂದು ಗ್ರೀಕ್, ಒಂದು ಲ್ಯಾಟಿನ್. ಯಾವಾಗ ಯಾವುದು ಅನ್ನುವುದು ಬಳಕೆ ಕೇಳಿ ಕೇಳಿಯೇ ಬರಬೇಕು.

ಇಲ್ಲಿ ನಮಗೆ ಒಂದು ಭಾಷೆ ಇಲ್ಲದ್ದಕ್ಕೆ ಚಿತ್ರದ ಮೊರೆ ಹೋದೆವು. ಕರ್ನಾಟಕದ ತರಗತಿಗಳಲ್ಲಿ ಹೆಚ್ಚಿನವರಿಗೆ ಕನ್ನಡ ಗೊತ್ತು. ಚಿತ್ರ ತೋರಿಸಿ, ಯಾಕೆ ಹಾಗೆ ಅಂತ ಕನ್ನಡದಲ್ಲೇ ವಾದ ಮಾಡಬಹುದು. ನಮಗಿಲ್ಲದ ಅನುಕೂಲ ಅದು. ಕಾರ್ಡಿನ ಮುಂದೆ ಚಿತ್ರ, ಹಿಂದೆ ಕನ್ನಡ ಲಿಪಿಯಲ್ಲಿ ಉಚ್ಚಾರ ಮತ್ತು ಇಂಗ್ಲಿಷ್ ಸ್ಪೆಲ್ಲಿಂಗ್ ಎರಡೂ ಇರಲಿ. ಪರೀಕ್ಷೆಯೂ ಬದಲಾಗಬೇಕು. ಅರ್ಥ ಬರೆಯಿರಿ ಅನ್ನುವ ಪ್ರಶ್ನೆ ಮಾತ್ರ ಬರುತ್ತಿದ್ದರೆ ವಿದ್ಯಾರ್ಥಿಗಳು ಮತ್ತೆ ಪಟ್ಟಿಯನ್ನೇ ಹಿಡಿಯುತ್ತಾರೆ. ದೇಹದ ಒಂದು ಬರಿಯ ರೇಖಾಚಿತ್ರ ಕೊಟ್ಟು, ಕೊಲಾಸ್ಟಮಿ ಆದ ರೋಗಿಯಲ್ಲಿ ಏನು ಬದಲಾಗಿದೆ ಅಂತ ಬರೆದು ತೋರಿಸಿ ಅಂತ ಕೇಳಲಿ.